ಅರ್ಧ ಬರೆದ ಒಪೆರಾ, ಬೇಸಿಗೆಯ ಶಾಲೆ

2013ರ ಜುಲೈನಲ್ಲಿ ದಕ್ಷಿಣ ಫ್ರಾನ್ಸಿನ ಎಕ್ಸ್-ಆನ್-ಪ್ರೊವಾನ್ಸ್ ಊರಿನ ಉತ್ಸವದಲ್ಲಿ ‘ಎಲೆನಾ’ ಎಂಬ ಒಪೆರಾ ರಂಗಕ್ಕೆ ಬಂತು. ಸಂಗೀತ ಫ್ರಾನ್ಚೆಸ್ಕೊ ಕವಾಲ್ಲಿಯದು, ಮೊದಲ ಪ್ರದರ್ಶನ ಕಂಡದ್ದು 1659ರಲ್ಲಿ, ವೆನಿಸ್‌ನಲ್ಲಿ. ನಡುವಿನ ಮೂರೂವರೆ ಶತಮಾನ ಅದು ಹೆಚ್ಚುಕಡಿಮೆ ಹಸ್ತಪ್ರತಿಯಾಗಿಯೇ ಮಲಗಿತ್ತು. ಇಷ್ಟು ಅಪರೂಪದ ಕೃತಿಯನ್ನು ಉತ್ಸವದವರು ಹೆಸರಾಂತ ತಾರೆಯರ ಕೈಗೆ ಕೊಡಲಿಲ್ಲ, ವೃತ್ತಿಯ ಹೊಸ್ತಿಲಲ್ಲಿ ನಿಂತಿದ್ದ ಯುವ ಗಾಯಕರ ಕೈಗೆ ಕೊಟ್ಟರು.

ಮೇಲುನೋಟಕ್ಕೆ ಇದು ತಲೆಕೆಳಗಾದ ಕ್ರಮ. ಎಲ್ಲರೂ ಕೇಳಿರುವ, ಧ್ವನಿಮುದ್ರಿಕೆ ಬೇಕಾದಷ್ಟು ಸಿಗುವ ಕೃತಿಯನ್ನು ಕಲಿಯುವವರಿಗೆ ಕೊಟ್ಟು, ಧೂಳು ಹಿಡಿದ ಹಳೆಯದನ್ನು ಪಳಗಿದವರಿಗೆ ಬಿಡಬೇಕಲ್ಲವೆ? ಆದರೆ ಯುರೋಪು, ಅಮೆರಿಕದ ಬೇಸಿಗೆ ತರಬೇತಿ ಶಿಬಿರಗಳನ್ನು ಗಮನಿಸಿದರೆ ಮತ್ತೆ ಮತ್ತೆ ಇದೇ ಕಾಣುತ್ತದೆ. ಕವಾಲ್ಲಿ, ಪರ್ಸೆಲ್, ಹ್ಯಾಂಡೆಲ್ ಇವರ ಒಪೆರಾಗಳು ಎಳೆಯ ಗಾಯಕರ ಪಾಲಿಗೆ ಬರುತ್ತಲೇ ಇರುತ್ತವೆ. ಕಾರಣ ಹಣ, ಕಂಠ, ರಂಗಮಂದಿರದ ಅಳತೆ ಎಲ್ಲವೂ ಹೌದು. ಎಲ್ಲಕ್ಕಿಂತ ದೊಡ್ಡ ಕಾರಣ ಆ ಕಾಲದ ಸ್ವರಲಿಪಿಯಲ್ಲೇ ಇದೆ. ಅದರಲ್ಲಿ ಅರ್ಧ ಮಾತ್ರ ಬರೆದಿದೆ.

ಒಪೆರಾ ಎಂದರೆ ಸಂಭಾಷಣೆಯೂ ಸೇರಿ ಇಡೀ ನಾಟಕವನ್ನು ಹಾಡುವ ರಂಗಪ್ರಕಾರ. ಹುಟ್ಟಿದ್ದು ಇಟಲಿಯಲ್ಲಿ, 1600ರ ಆಸುಪಾಸಿನಲ್ಲಿ. ಅಲ್ಲಿಂದ ಸುಮಾರು 1750ರವರೆಗಿನ ಕಾಲವನ್ನು ಸಂಗೀತದ ಚರಿತ್ರೆ ಬರೋಕ್ ಎಂದು ಕರೆಯುತ್ತದೆ. ಮೊದಮೊದಲು ಅದು ಅರಮನೆಯ ಮದುವೆ, ಉತ್ಸವಗಳ ವೈಭವವಾಗಿತ್ತು. ಸಂಗೀತಗಾರ ಮಾಂಟೆವರ್ಡಿಯ ‘ಓರ್ಫೆಯೊ’ 1607ರಲ್ಲಿ ಮಾಂತುವಾದ ಅರಮನೆಯಲ್ಲಿ ನಡೆದದ್ದು. 1637ರಲ್ಲಿ ವೆನಿಸ್‌ನ ಸಾನ್ ಕಸ್ಸಿಯಾನೊ ರಂಗಮಂದಿರ ಟಿಕೆಟ್ ಕೊಂಡ ಯಾರಿಗಾದರೂ ಬಾಗಿಲು ತೆರೆಯಿತು. ಅಲ್ಲಿಂದ ಒಪೆರಾ ವ್ಯಾಪಾರವಾಯಿತು.

ವ್ಯಾಪಾರವಾದ ಕೂಡಲೇ ಖರ್ಚಿನ ಲೆಕ್ಕ ಬಂತು. ರಾಜನ ಖಜಾನೆ ಇಲ್ಲ, ಕಾರ್ನಿವಲ್ ಎಂಬ ಚಳಿಗಾಲದ ಹಬ್ಬದ ದಿನಗಳು ಮುಗಿಯುವುದರೊಳಗೆ ಹಾಕಿದ ದುಡ್ಡು ವಾಪಸಾಗಬೇಕು. ಜನ ಬರುತ್ತಿದ್ದದ್ದು ಗಾಯಕರಿಗಾಗಿ, ರಂಗದ ಯಂತ್ರಗಳ ಚಮತ್ಕಾರಕ್ಕಾಗಿ. ಹಣ ಅತ್ತ ಹೋಯಿತು. ದೊಡ್ಡ ವೃಂದಗಾಯನ ಬಹುತೇಕ ಮಾಯವಾಯಿತು. ವಾದ್ಯಮೇಳವೂ ಸೊರಗಿ ಒಂದೆರಡು ವಯೊಲಿನ್, ಕೆಳಸ್ವರದ ತಂತಿವಾದ್ಯ, ಪಿಯಾನೊದಂತೆ ಮಣೆಯಿದ್ದು ತಂತಿ ಮೀಟುವ ಎರಡು ಹಾರ್ಪ್ಸಿಕಾರ್ಡ್, ಬೆರಳಿನಿಂದ ಮೀಟುವ ಉದ್ದ ಕತ್ತಿನ ತಂತಿವಾದ್ಯ ಥಿಯೋರ್ಬೊ ಇಷ್ಟಕ್ಕೆ ಇಳಿಯಿತು. ವೆನಿಸ್‌ನ ಮಾಲೀಕರು ಅಂದು ಕಾಸು ಉಳಿಸಲು ಮಾಡಿದ್ದು ಇಂದಿನ ತರಬೇತಿ ಶಿಬಿರಗಳಿಗೆ ವರವಾಗಿದೆ: ಹತ್ತು-ಹನ್ನೆರಡು ಗಾಯಕರು, ಹತ್ತು-ಹನ್ನೆರಡು ವಾದಕರು ಇದ್ದರೆ ಇಡೀ ಒಪೆರಾ ನಿಲ್ಲುತ್ತದೆ.

ಆ ಹೊತ್ತಿನ ವೆನಿಸ್‌ನಲ್ಲಿ ಎಲ್ಲರಿಗಿಂತ ಹೆಚ್ಚು ಬೇಡಿಕೆಯಿದ್ದ ಸಂಗೀತಗಾರ ಕವಾಲ್ಲಿ. 1602ರಲ್ಲಿ ಕ್ರೇಮಾ ಊರಿನಲ್ಲಿ ಹುಟ್ಟಿದವನು. ಹುಡುಗನ ಕಂಠಕ್ಕೆ ಮನಸೋತು ವೆನಿಸ್‌ಗೆ ಕರೆತಂದ ಶ್ರೀಮಂತನ ಮನೆತನದ ಹೆಸರನ್ನೇ ತನ್ನದಾಗಿ ಇಟ್ಟುಕೊಂಡ. ಸಾನ್ ಮಾರ್ಕೊ ಚರ್ಚಿನಲ್ಲಿ ಮಾಂಟೆವರ್ಡಿಯ ಕೈಕೆಳಗೆ ಹಾಡಿ ಬೆಳೆದ. ಮೂವತ್ತರಷ್ಟು ಒಪೆರಾ ಬರೆದ. ಅವುಗಳಲ್ಲಿ ಬಹುಪಾಲು ಉಳಿದುಬಂದದ್ದು ಹಸ್ತಪ್ರತಿಗಳು ವೆನಿಸ್‌ನ ಮಾರ್ಚಿಯಾನಾ ಗ್ರಂಥಾಲಯ ಸೇರಿದ್ದರಿಂದ.

ಎರಡು ಸಾಲು, ಅಷ್ಟೇ

ಆ ಹಸ್ತಪ್ರತಿಯ ಪುಟ ತೆರೆದರೆ ಹೊಸಬರಿಗೆ ದಿಗಿಲಾಗುತ್ತದೆ. ಪುಟದ ಬಹುಪಾಲು ಎರಡೇ ಎರಡು ಸಾಲು. ಮೇಲೆ ಗಾಯಕ ಹಾಡಬೇಕಾದ ಸ್ವರ ಮತ್ತು ಅದರಡಿ ಸಾಹಿತ್ಯ, ಕೆಳಗೆ ಬಾಸ್ ಎನ್ನುವ ತಗ್ಗು ಸ್ವರಗಳ ಸಾಲು. ನಡುನಡುವೆ ತಂತಿವಾದ್ಯಗಳಿಗೆಂದು ಚಿಕ್ಕಚಿಕ್ಕ ತುಣುಕುಗಳು. ಯಾವ ವಾದ್ಯ ಯಾವಾಗ ನುಡಿಸಬೇಕು, ಎಷ್ಟು ಜೋರಾಗಿ, ಎಷ್ಟು ವೇಗವಾಗಿ ಎಂಬ ಸೂಚನೆ ತೀರ ಕಮ್ಮಿ. ಯಕ್ಷಗಾನ ಬಲ್ಲವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಪ್ರಸಂಗದ ಪುಸ್ತಕದಲ್ಲಿ ಪದ್ಯಗಳಷ್ಟೇ ಇರುತ್ತವೆ. ಅರ್ಥ ಬೆಳೆಯುವುದು ರಂಗದ ಮೇಲೆ, ವೇಷಧಾರಿಯ ಬಾಯಲ್ಲಿ.

ಬಾಸ್ ಸಾಲನ್ನು ತುಂಬಿಸುವ ಕೆಲಸಕ್ಕೆ ಕಂಟಿನ್ಯೂವೊ ಎಂದು ಹೆಸರು. ಹಾರ್ಪ್ಸಿಕಾರ್ಡ್, ಥಿಯೋರ್ಬೊ, ಹಾರ್ಪ್, ಚೆಲ್ಲೊ ಅಥವಾ ವಿಯೋಲಾ ದ ಗಾಂಬಾ ನುಡಿಸುವವರ ಸಣ್ಣ ಗುಂಪು ಅದು. ಬಾಸ್ ಸ್ವರದ ಮೇಲೆ ಕೆಲವೊಮ್ಮೆ ಅಂಕಿ ಬರೆದಿರುತ್ತಾರೆ. ನಮ್ಮ ಸ್ವರಗಳಲ್ಲೇ ಹೇಳುವುದಾದರೆ, ಬಾಸ್‌ನಲ್ಲಿ ಗಾಂಧಾರವಿದ್ದು ಅದರ ಮೇಲೆ 6 ಎಂದಿದ್ದರೆ, ಆ ಗಾಂಧಾರವನ್ನೇ ಒಂದು ಎಂದಿಟ್ಟು ಮೇಲಕ್ಕೆ ಎಣಿಸಿ ಮೂರನೆಯದಾದ ಪಂಚಮವನ್ನೂ ಆರನೆಯದಾದ ಮೇಲಿನ ಷಡ್ಜವನ್ನೂ ಜೊತೆಗೆ ನುಡಿಸು ಎಂದು ಅರ್ಥ. ಯಾವ ಸ್ಥಾಯಿಯಲ್ಲಿ, ಒಟ್ಟಿಗೋ ಒಂದೊಂದಾಗಿ ಬಿಡಿಸಿಯೋ, ಮೃದುವಾಗಿಯೋ ಚುರುಕಾಗಿಯೋ ಎಂಬುದು ವಾದಕನ ವಿವೇಚನೆಗೆ ಬಿಟ್ಟದ್ದು. ಕವಾಲ್ಲಿಯ ಪ್ರತಿಗಳಲ್ಲಿ ಈ ಅಂಕಿಗಳೂ ಬಲು ವಿರಳ. ಬಾಸ್ ನೋಡಿ, ಹಾಡು ನೋಡಿ, ನಡುವೆ ಏನಿರಬೇಕೆಂದು ಊಹಿಸಬೇಕು.

ಆಧುನಿಕ ಕಾಲದಲ್ಲಿ ಮೊದಲು ಈ ಖಾಲಿ ಜಾಗವನ್ನು ತುಂಬಿದ ರೀತಿಯೇ ಬೇರೆ. ಇಂಗ್ಲೆಂಡಿನ ಗ್ಲೈಂಡ್‌ಬೋರ್ನ್ ಉತ್ಸವದಲ್ಲಿ 1967ರಲ್ಲಿ ‘ಓರ್ಮಿಂದೊ’, 1970ರಲ್ಲಿ ‘ಕಲಿಸ್ತೊ’ ಆಡಿಸಿದ ರೇಮಂಡ್ ಲೆಪರ್ಡ್, ಕವಾಲ್ಲಿಯ ಎರಡು ಸಾಲಿನ ಸುತ್ತ ತಂತಿವಾದ್ಯಗಳ ದಪ್ಪ ಹೊದಿಕೆ ಹೊದಿಸಿದರು. ಕಿವಿಗೆ ಇಂಪು, ಜನ ಮೆಚ್ಚಿದರು, ಕವಾಲ್ಲಿಯ ಹೆಸರು ಮತ್ತೆ ಚಾಲ್ತಿಗೆ ಬಂತು. ಆದರೆ ಎಲ್ಲವನ್ನೂ ಒಬ್ಬರೇ ಕುಳಿತು ಬರೆದುಬಿಟ್ಟರೆ ರಂಗದ ಮೇಲಿರುವವನಿಗೆ ನಿರ್ಧರಿಸಲು ಉಳಿಯುವುದೇನು? ಆಮೇಲಿನ ತಲೆಮಾರಿನವರು ಹೊದಿಕೆ ತೆಗೆದು ಎರಡು ಸಾಲಿಗೇ ಮರಳಿದರು. ಅವರು ಮರಳಿದ ಆ ಜಾಗವೇ ಇಂದಿನ ತರಗತಿ.

ಎಕ್ಸ್‌ನಲ್ಲಿ ‘ಎಲೆನಾ’ ನಡೆಸಿಕೊಟ್ಟ ಲಿಯೊನಾರ್ದೊ ಗಾರ್ಸಿಯಾ ಅಲಾರ್ಕೊನ್ ಈ ಬಳಿಕದ ಸಾಲಿನವರು. ಅರ್ಜೆಂಟೀನಾ ಮೂಲದ ಹಾರ್ಪ್ಸಿಕಾರ್ಡ್ ವಾದಕ, ಕಪ್ಪೆಲ್ಲಾ ಮೆದಿತೆರ್ರಾನೆಯಾ ಎಂಬ ತಂಡ ಕಟ್ಟಿದವರು. ವಾದ್ಯದ ಮುಂದೆ ಕೂತು ನುಡಿಸುತ್ತಲೇ ನಡೆಸುವುದು ಅವರ ರೂಢಿ. ಕೋಲು ಹಿಡಿದು ಎತ್ತರದಲ್ಲಿ ನಿಂತ ನಿರ್ವಾಹಕ ತಾಳ ಕೊಟ್ಟರೆ ಗಾಯಕ ಅದನ್ನು ಅನುಸರಿಸುತ್ತಾನೆ. ಇಲ್ಲಿ ಗಾಯಕ ಉಸಿರೆಳೆದಾಗ ವಾದಕ ಅವನನ್ನು ಅನುಸರಿಸುತ್ತಾನೆ. ಕಾಲೇಜಿನಲ್ಲಿ ಪಿಯಾನೊ ಪಕ್ಕ ನಿಂತು ಕಲಿತುಬಂದವರಿಗೆ ಮೊದಲ ದಿನ ಕಕ್ಕಾಬಿಕ್ಕಿಯಾಗುವುದು ಸಹಜ: ‘ಯಾವಾಗ ಶುರು ಮಾಡಲಿ?’ ಎಂದು ಕೇಳಿದರೆ ‘ನೀನು ಶುರು ಮಾಡಿದಾಗ’ ಎನ್ನುವ ಉತ್ತರ ಬರುತ್ತದೆ.

ಕಥೆ ಗೋಜಲು, ಪಾತ್ರ ಹಲವು

‘ಎಲೆನಾ’ದ ಕಥೆಯನ್ನು ಒಮ್ಮೆ ಕೇಳಿಬಿಡಿ. ಟ್ರಾಯ್ ಯುದ್ಧಕ್ಕೆ ಕಾರಣಳಾದ ಆ ಹೆಲೆನ್‌ಳೇ ಇವಳು, ಆದರೆ ಮದುವೆಗೂ ಮುಂಚಿನ ಮಾತು. ಅವಳನ್ನು ಒಲಿಸಿಕೊಳ್ಳಲು ಮೆನೆಲಾಯೊ ಹೆಣ್ಣುವೇಷ ಹಾಕಿ, ಅಮೆಜಾನ್ ವೀರವನಿತೆಯೆಂದು ಹೇಳಿಕೊಂಡು, ಅವಳಿಗೆ ಕುಸ್ತಿ ಕಲಿಸುವ ನೆಪದಲ್ಲಿ ಅರಮನೆ ಸೇರುತ್ತಾನೆ. ಹೆಲೆನ್‌ಳ ತಂದೆಯೇ ಈ ‘ಅಮೆಜಾನ್’ಗೆ ಮನಸೋಲುತ್ತಾನೆ. ಅಷ್ಟರಲ್ಲಿ ತೇಸೆಯೊ ಮತ್ತು ಪಿರಿತೊವೊ ಎಂಬ ಗೆಳೆಯರು ಬಂದು ಇಬ್ಬರನ್ನೂ ಹೊತ್ತೊಯ್ಯುತ್ತಾರೆ. ಪಿರಿತೊವೊಗೂ ವೇಷದ ಹೆಣ್ಣಿನ ಮೇಲೇ ಮೋಹ. ಜೊತೆಗೊಬ್ಬ ವಿದೂಷಕ, ತೇಸೆಯೊನಿಗಾಗಿ ಹುಡುಕಿಕೊಂಡು ಬರುವ ನಿಜವಾದ ಅಮೆಜಾನ್ ರಾಣಿ, ಇನ್ನೂ ಕೆಲವರು. ಜೊವಾನ್ನಿ ಫೌಸ್ತೀನಿ ಈ ಕಥೆಯ ಹಂದರ ಹಾಕಿ ತೀರಿಕೊಂಡ, ಪದ್ಯ ಬರೆದು ಪೂರ್ತಿ ಮಾಡಿದವನು ನಿಕ್ಕೊಲೊ ಮಿನಾತೊ.

ಗೋಜಲು ನಿಜ, ಆದರೆ ತರಬೇತಿಯ ದೃಷ್ಟಿಯಿಂದ ಇದರ ಲಾಭ ಎದ್ದು ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದ ಒಪೆರಾ ಆರಿಸಿದರೆ ಮೂರು-ನಾಲ್ಕು ಜನರಿಗೆ ಭಾರೀ ಪಾತ್ರ, ಉಳಿದವರು ಗುಂಪಿನಲ್ಲಿ ಗೋವಿಂದ. ಕವಾಲ್ಲಿಯಲ್ಲಿ ಹಾಗಲ್ಲ. ಸೇವಕನಿಗೂ, ವಿದೂಷಕನಿಗೂ ರಂಗ ಪೂರ್ತಿ ಅವರದೇ ಆಗುವ ಗಳಿಗೆಗಳಿವೆ. ಶಿಬಿರಕ್ಕೆ ಬಂದ ಪ್ರತಿಯೊಬ್ಬರಿಗೂ ಏನಾದರೂ ಸಿಗುತ್ತದೆ.

ಕಂಠದ ವಿಷಯವೂ ಇದೆ. ಇಪ್ಪತ್ತೈದರ ಆಸುಪಾಸಿನ ಗಾಯಕ ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸಂಗೀತಗಾರ ವಾಗ್ನರ್‌ನ ಎಂಬತ್ತು ವಾದ್ಯಗಳ ಮೇಲೆ ಹಾಡಲು ಹೊರಟರೆ ಗಂಟಲು ಕೆಡಿಸಿಕೊಳ್ಳುತ್ತಾನೆ. ಹತ್ತಾರು ವಾದ್ಯ, ಅದರಲ್ಲೂ ಕರುಳಿನಿಂದ ಮಾಡಿದ ತಂತಿಯ ಮೆದು ನಾದ, ಎದುರಿಗೆ ಪುಟ್ಟ ರಂಗಮಂದಿರ. ಎಕ್ಸ್‌ನಲ್ಲಿ ‘ಎಲೆನಾ’ ನಡೆದ ಝ್ಯು ದ ಪೋಮ್ ಹದಿನೆಂಟನೆಯ ಶತಮಾನದ ರಂಗಮಂದಿರ, ಅದಕ್ಕೂ ಮೊದಲು ಅಲ್ಲಿ ಹಳೆಯ ಕಾಲದ ಟೆನಿಸ್ ಅಂಕಣವಿತ್ತು. ಆಸನ ಐನೂರರ ಆಚೀಚೆ. ಪಿಸುಮಾತೂ ಕೊನೆಯ ಸಾಲಿಗೆ ತಲುಪುತ್ತದೆ. ಹಾಗೆಂದು ಬರೋಕ್ ಸುಲಭ ಎಂಬ ಭ್ರಮೆ ಬೇಡ. ಕೂಗಿ ಮುಚ್ಚಿಕೊಳ್ಳುವ ಅವಕಾಶ ಇಲ್ಲದ ಕಡೆ ಶ್ರುತಿ ಕೂದಲೆಳೆ ಜಾರಿದರೂ ಕೇಳಿಸುತ್ತದೆ, ಉಚ್ಚಾರ ಮಸುಕಾದರೂ ಗೊತ್ತಾಗುತ್ತದೆ.

ಒಪೆರಾಕ್ಕೂ ಶಾಲೆಗೂ ನಂಟು ಇಂದಿನದಲ್ಲ. ಹೆನ್ರಿ ಪರ್ಸೆಲ್‌ನ ‘ಡೈಡೊ ಮತ್ತು ಈನಿಯಸ್’ ಇಂಗ್ಲಿಷ್ ಒಪೆರಾದ ಮುಕುಟಮಣಿ. ಅದರ ಆರಂಭಕಾಲದ ಪ್ರದರ್ಶನವೆಂದು ಖಚಿತವಾಗಿ ದಾಖಲೆ ಇರುವುದು 1689ರ ಹೊತ್ತಿಗೆ ಲಂಡನ್ನಿನ ಚೆಲ್ಸಿಯಲ್ಲಿದ್ದ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ. ಶಾಲೆ ನಡೆಸುತ್ತಿದ್ದವನು ಜೋಸಿಯಸ್ ಪ್ರೀಸ್ಟ್ ಎಂಬ ನೃತ್ಯಗುರು. ಕೃತಿಯಲ್ಲಿ ಕುಣಿತ ಅಷ್ಟೊಂದು ಇರುವುದು ಸುಮ್ಮನೆ ಅಲ್ಲ. ಪರ್ಸೆಲ್‌ನ ಕೈಬರಹದ ಪ್ರತಿ ಉಳಿದಿಲ್ಲ. ಸಿಕ್ಕಿರುವ ಅತಿ ಹಳೆಯ ಸಂಗೀತಪ್ರತಿ ಅವನು ಸತ್ತು ಅರ್ಧ ಶತಮಾನ ಕಳೆದ ಮೇಲಿನದು, ಅದರಲ್ಲಿ ಪೀಠಿಕಾ ದೃಶ್ಯದ ಸಂಗೀತವೇ ಇಲ್ಲ. ಇಡೀ ಒಪೆರಾ ಒಂದು ಗಂಟೆಯೊಳಗೆ ಮುಗಿಯುತ್ತದೆ. ಹೀಗಾಗಿ ಇಂದಿಗೂ ಸಂಗೀತ ಶಾಲೆಗಳಿಗೆ ಅಚ್ಚುಮೆಚ್ಚು.

ಮೊದಲು ಮಾತು, ಆಮೇಲೆ ಹಾಡು

ಶಿಬಿರ ಬೇಸಿಗೆಯಲ್ಲೇ ಏಕೆ ಎಂದರೆ ಯುರೋಪು, ಅಮೆರಿಕದ ಒಪೆರಾ ಮನೆಗಳು ಸಾಮಾನ್ಯವಾಗಿ ಸೆಪ್ಟೆಂಬರಿನಿಂದ ಜೂನ್‌ವರೆಗೆ ನಡೆದು ಆಮೇಲೆ ಬಾಗಿಲು ಹಾಕುತ್ತವೆ. ಕಾಲೇಜಿಗೂ ರಜೆ. ಗುರುಗಳು, ವಾದಕರು, ವಿದ್ಯಾರ್ಥಿಗಳು ಎಲ್ಲರೂ ಬಿಡುವಾಗಿರುತ್ತಾರೆ. ಉತ್ಸವಗಳು ಈ ಬಿಡುವಿನಲ್ಲೇ ಹುಟ್ಟಿಕೊಂಡವು, ಉತ್ಸವಗಳ ನೆರಳಿನಲ್ಲಿ ಅಕಾಡೆಮಿಗಳು ಬಂದವು. ಎಕ್ಸ್ ಉತ್ಸವ ಶುರುವಾದದ್ದು 1948ರಲ್ಲಿ, ಅದರ ಅಕಾಡೆಮಿ 1998ರಲ್ಲಿ. ಅಮೆರಿಕದಲ್ಲಿ ಸಾಂಟಾ ಫೆ ಒಪೆರಾದ ಯುವ ಗಾಯಕರ ಯೋಜನೆ 1957ರಿಂದ ಇದೆ, ಆದರೆ ಅಲ್ಲಿ ಎಲ್ಲ ಕಾಲದ ಒಪೆರಾಗಳೂ ನಡೆಯುತ್ತವೆ. ಅಮೆರಿಕದ್ದೇ ಆದ ಓಬರ್ಲಿನ್ ಸಂಗೀತ ಕಾಲೇಜಿನ ಬೇಸಿಗೆ ಶಿಬಿರ 1972ರಿಂದ ಬರೋಕ್ ವಾದನ, ಗಾಯನಗಳಿಗೇ ಮೀಸಲು.

ಇಂಥ ಕಡೆ ಕೈಯಲ್ಲಿರುವುದು ಕೆಲವೇ ವಾರ. ಪಾತ್ರವನ್ನು ಬಾಯಿಪಾಠ ಮಾಡಿಕೊಂಡೇ ಬರಬೇಕು ಎಂಬುದು ಎಲ್ಲೆಡೆಯ ಶರತ್ತು. ಆದರೂ ಒಳ್ಳೆಯ ಗುರುಗಳು ಮೊದಲ ದಿನಗಳಲ್ಲಿ ಹಾಡಿಸುವುದೇ ಇಲ್ಲ, ಓದಿಸುತ್ತಾರೆ. ಇದಕ್ಕೆ ಕಾರಣ ರೆಸಿಟೇಟಿವ್ ಎಂಬ ಭಾಗ. ಕಥೆ ಮುಂದೆ ಸಾಗುವುದೇ ಅದರಲ್ಲಿ. ಮಾತಿಗೂ ಹಾಡಿಗೂ ನಡುವಿನ ಧಾಟಿ ಅದು. ಏಳು ಮತ್ತು ಹನ್ನೊಂದು ಅಕ್ಷರಗಳ ಇಟಾಲಿಯನ್ ಸಾಲುಗಳು ಬೆರೆತು ಬರುತ್ತವೆ. ಕಾಗದದಲ್ಲಿ ಅಕ್ಷರಕ್ಕೊಂದು ಸ್ವರ, ಸ್ವರಕ್ಕೊಂದು ಕಾಲಪ್ರಮಾಣ ಬರೆದಿದೆ ನಿಜ. ಅದನ್ನು ಬರೆದಂತೆಯೇ ಎಣಿಸಿಕೊಂಡು ಹಾಡಿದರೆ ಹೊಲಿಗೆ ಯಂತ್ರದ ಸದ್ದಾಗುತ್ತದೆ. ಕೋಪ ಬಂದವನು ಪದಗಳನ್ನು ಒಂದರ ಮೇಲೊಂದು ಎಸೆಯುತ್ತಾನೆ, ಸುಳ್ಳು ಹೇಳುವವನು ಒಂದು ಗಳಿಗೆ ತಡೆಯುತ್ತಾನೆ, ಪ್ರೇಮಿ ಹೆಸರು ಹೇಳುವಲ್ಲಿ ನಿಧಾನಿಸುತ್ತಾನೆ. ಇದಾವುದೂ ಬರೆದಿಲ್ಲ. ಅದಕ್ಕೇ ಮೊದಲು ಸಾಲನ್ನು ನಟನಂತೆ ಆಡಬೇಕು, ಭಾಷಾ ತರಬೇತುದಾರ ಒತ್ತು ತಿದ್ದಬೇಕು, ಆಮೇಲೆ ಆಡಿದ ಲಯವನ್ನು ಬಿಡದೆ ಸ್ವರಕ್ಕೆ ಏರಿಸಬೇಕು. ಗಾಯನ ಕಲಿತವರಿಗೆ ಸುಂದರ ನಾದ ಹೊರಡಿಸುವ ಚಟ ಬಿಡಿಸುವುದೇ ಇಲ್ಲಿ ಕಷ್ಟದ ಕೆಲಸ.

ಹಾರ್ಪ್ಸಿಕಾರ್ಡ್‌ನವರಿಗೂ ಇದೇ ಪರೀಕ್ಷೆ. ವಾಕ್ಯ ಮುಗಿಯುವ ಮುನ್ನ ಸ್ವರಗುಚ್ಛ ಬಡಿದರೆ ಗಾಯಕನ ಮಾತಿಗೆ ಅಡ್ಡ, ತಡವಾದರೆ ದೃಶ್ಯ ಸೊರಗುತ್ತದೆ. ವಿದೂಷಕನಿಗೆ ಕಟಕಟ ಎನ್ನುವ ಹಾರ್ಪ್ಸಿಕಾರ್ಡ್, ವಿರಹಿಗೆ ಥಿಯೋರ್ಬೊ, ದೇವತೆ ಬಂದಾಗ ಸಣ್ಣ ಆರ್ಗನ್. ಇಂಥ ಹಂಚಿಕೆ ತಾಲೀಮಿನಲ್ಲಿ ಕೂತು ಮಾಡಿಕೊಳ್ಳುವುದು. ಎರಡು ತಂಡ ಒಂದೇ ಕೃತಿ ಆಡಿದರೆ ಎರಡು ಒಪೆರಾ ಕೇಳಿದಂತಾಗುವುದು ಇದೇ ಕಾರಣಕ್ಕೆ.

ಶೋಕಗೀತೆಗಳಲ್ಲಿ ಈ ಪಾಠ ಇನ್ನಷ್ಟು ಸೂಕ್ಷ್ಮವಾಗುತ್ತದೆ. ಷಡ್ಜದಿಂದ ಕೆಳಗಿನ ಪಂಚಮದವರೆಗೆ ಇಳಿಯುವ ಬಾಸ್ ಅನ್ನು ಮತ್ತೆ ಮತ್ತೆ ಸುತ್ತಿಸಿ, ಅದರ ಮೇಲೆ ಅಳಲನ್ನು ಹಾಡಿಸುವುದು ಹದಿನೇಳನೆಯ ಶತಮಾನದ ಪದ್ಧತಿ. ಕವಾಲ್ಲಿ ಅದರಲ್ಲಿ ಪಳಗಿದ ಕೈ. ಎಲ್ಲರಿಗೂ ಗೊತ್ತಿರುವ ಉದಾಹರಣೆ, ಪ್ರಿಯ ಬಿಟ್ಟುಹೋದಾಗ ಸಾವಿಗೆ ಸಿದ್ಧಳಾದ ರಾಣಿ ಡೈಡೊಳ ಕೊನೆಯ ಹಾಡು. ಅಲ್ಲಿ ಬಾಸ್ ಅರ್ಧರ್ಧ ಸ್ವರವಾಗಿ ಷಡ್ಜದಿಂದ ಪಂಚಮಕ್ಕೆ ಇಳಿದು ಮತ್ತೆ ಷಡ್ಜಕ್ಕೆ ಬಂದು ನಿಲ್ಲುತ್ತದೆ. ಐದು ಆವರ್ತದ ಈ ಸುತ್ತು ಹನ್ನೊಂದು ಸಲ ಬರುತ್ತದೆ, ಒಂದಿಷ್ಟೂ ಬದಲಾಗದೆ. ಪರ್ಸೆಲ್‌ನ ಚಮತ್ಕಾರ ಏನೆಂದರೆ ಡೈಡೊಳ ಸಾಲುಗಳು ಈ ಸುತ್ತಿನ ಜೊತೆಗೇ ಮುಗಿಯುವುದಿಲ್ಲ. ಬಾಸ್ ಮುಗಿದಲ್ಲಿ ಅವಳು ನಡುವಾಕ್ಯದಲ್ಲಿರುತ್ತಾಳೆ, ಅವಳು ಉಸಿರು ತೆಗೆದುಕೊಳ್ಳುವಲ್ಲಿ ಬಾಸ್ ಆಗಲೇ ಹೊಸ ಸುತ್ತು ಹಿಡಿದಿರುತ್ತದೆ. ವಿಧಿ ಕಾಯುವುದಿಲ್ಲ, ಅವಳು ಒಪ್ಪುವುದಿಲ್ಲ. ‘ನನ್ನ ನೆನೆ, ನನ್ನ ಗತಿಯ ಮರೆ’ ಎನ್ನುವಲ್ಲಿ ‘ನನ್ನ ನೆನೆ’ ಎಂಬುದಕ್ಕೆ ಇಂಪಾದ ಏರಿಳಿತವೇ ಇಲ್ಲ, ಒಂದೇ ಸ್ವರ ಮತ್ತೆ ಮತ್ತೆ. ಇಪ್ಪತ್ತೆರಡರ ಹುಡುಗಿಗೆ ಇಲ್ಲಿ ಅಳು ತೋರಿಸಬೇಕೆನಿಸುತ್ತದೆ. ಅತ್ತರೆ ಹಾಡು ಸತ್ತಂತೆ. ಕೆಳಗೆ ಇಳಿಯುತ್ತಿರುವ ಬಾಸ್ ಆಗಲೇ ಅಳುತ್ತಿದೆ, ಮೇಲಿನವಳು ನೆಟ್ಟಗೆ ನಿಂತರೆ ಸಾಕು. ಇದನ್ನು ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಸುಲಭ, ಗಂಟಲಿಗೆ ಒಗ್ಗಿಸಲು ದಿನಗಳು ಬೇಕು.

ಹ್ಯಾಂಡೆಲ್ ಕಾಲಕ್ಕೆ ಬಂದರೆ ಪಾಠ ಬದಲಾಗುತ್ತದೆ. ಅಲ್ಲಿ ಆರಿಯಾ ಎಂಬ ಹಾಡಿಗೆ ಮೂರು ಭಾಗ: ಮೊದಲನೆಯದು, ಬೇರೆ ಭಾವದ ಎರಡನೆಯದು, ಆಮೇಲೆ ಮೊದಲನೆಯದೇ ಮತ್ತೆ. ಮರಳಿ ಬಂದದ್ದನ್ನು ಬರೆಯುವ ಗೋಜಿಗೂ ಹೋಗುತ್ತಿರಲಿಲ್ಲ, ‘ತಲೆಯಿಂದ’ ಎಂದು ಬರೆದು ಬಿಡುತ್ತಿದ್ದರು. ಮರಳಿ ಹಾಡುವಾಗ ಗಾಯಕ ಸ್ವಂತ ಅಲಂಕಾರ ಸೇರಿಸಬೇಕು. ಅದೇ ಕಾಲದ ಗಾಯನಗುರು ಪಿಯೆರ್ ಫ್ರಾನ್ಚೆಸ್ಕೊ ಟೋಸಿ 1723ರಲ್ಲೇ ಇದರ ಮರ್ಯಾದೆ ಬರೆದಿಟ್ಟಿದ್ದಾನೆ: ಮೊದಲ ಭಾಗದಲ್ಲಿ ಸರಳವಾದ ಒಡವೆ ಸಾಕು, ಎರಡನೆಯದರಲ್ಲಿ ಇನ್ನು ಸ್ವಲ್ಪ, ಮರಳಿ ಬಂದಾಗ ಹಾಡನ್ನು ಮೊದಲಿಗಿಂತ ಚೆನ್ನಾಗಿ ಬದಲಿಸಿ ಹಾಡಲಾರದವನು ದೊಡ್ಡ ಗಾಯಕನೇ ಅಲ್ಲ. ಇಂದಿನ ಅಕಾಡೆಮಿಗಳಲ್ಲಿ ಹೆಚ್ಚಿನವರು ಅಲಂಕಾರವನ್ನು ಮುಂಚಿತವಾಗಿ ಬರೆದುಕೊಂಡೇ ಬರುತ್ತಾರೆ. ಅದು ಅಪರಾಧವಲ್ಲ, ಆದರೆ ಬರೆದುಕೊಂಡದ್ದನ್ನು ಎಸೆದು ಆ ಸಂಜೆಯ ಮನಸ್ಸಿಗೆ ತಕ್ಕಂತೆ ಹಾಡುವ ಧೈರ್ಯ ಬಂದ ದಿನವೇ ಕಲಿಕೆ ಮುಟ್ಟಿದೆ ಎಂದು ಲೆಕ್ಕ.

ಯಾರ ಪಾತ್ರ ಯಾರಿಗೆ

ಬರೋಕ್ ಒಪೆರಾದ ನಾಯಕರು ಬಹುಪಾಲು ಹೆಣ್ಣಿನಷ್ಟು ಎತ್ತರದ ಸ್ಥಾಯಿಯಲ್ಲಿ ಹಾಡುತ್ತಾರೆ. ಬಾಲ್ಯದಲ್ಲೇ ಬೀಜ ಒಡೆದು ಕಂಠ ಒಡೆಯದಂತೆ ಮಾಡಿದ ಕಾಸ್ಟ್ರಾಟೊ ಗಾಯಕರಿಗೆ ಬರೆದ ಪಾತ್ರಗಳವು. ಕ್ರೂರ ಪದ್ಧತಿ, ನಿಂತದ್ದೇ ಒಳ್ಳೆಯದಾಯಿತು. ಪಾತ್ರಗಳು ಮಾತ್ರ ಉಳಿದಿವೆ. ಈಗ ಅವನ್ನು ಕೌಂಟರ್‌ಟೆನರ್ ಎಂಬ, ತೆಳುಕಂಠ ಪಳಗಿಸಿಕೊಂಡ ಗಂಡಸರು ಹಾಡುತ್ತಾರೆ, ಇಲ್ಲವೆ ಮೆಝೊ ಎಂಬ ನಡು ಎತ್ತರದ ಕಂಠದ ಹೆಂಗಸರು. ಎಕ್ಸ್‌ನ ‘ಎಲೆನಾ’ದಲ್ಲಿ ಎಲೆನಾ ಆಗಿ ಹಂಗರಿಯ ಎಮೊಕೆ ಬರಾತ್ ಹಾಡಿದರು, ಮೆನೆಲಾಯೊ ಆದದ್ದು ಕೌಂಟರ್‌ಟೆನರ್ ವಾಲೆರ್ ಸಬಾದುಸ್. ಹೆಣ್ಣು ಸ್ಥಾಯಿಯ ಗಂಡು, ಹೆಣ್ಣು ವೇಷದಲ್ಲಿ, ಅವನ ಹಿಂದೆ ಇನ್ನಿಬ್ಬರು ಗಂಡಸರು. ವೆನಿಸ್‌ನವರಿಗೆ ಇದು ಬರೀ ನಗೆಚಾಟಿಕೆ ಆಗಿರಲಿಲ್ಲ. ಮೋಹ ಹುಟ್ಟುವುದು ಕಣ್ಣಿಗೆ ಕಂಡದ್ದರ ಮೇಲೋ ಕಿವಿಗೆ ಬಿದ್ದದ್ದರ ಮೇಲೋ ಎಂಬ ತಮಾಷೆಯೂ ಅದರಲ್ಲಿತ್ತು. ಮುದಿ ದಾದಿಯ ಪಾತ್ರವನ್ನು ಗಂಡು ಕಂಠದ ಟೆನರ್ ಸೀರೆ... ಅಲ್ಲ, ಲಂಗ ಉಟ್ಟು ಹಾಡುವುದು ಆ ಕಾಲದ ಇನ್ನೊಂದು ಸಂಪ್ರದಾಯ.

ರಂಗದ ಮೇಲೆ ಹೇಗೆ ನಡೆಯಬೇಕು, ಕೈ ಹೇಗಾಡಿಸಬೇಕು ಎಂಬುದರಲ್ಲಿ ಎರಡು ಪಂಥ. ಒಂದು, ಅಂದಿನ ಚಿತ್ರಗಳನ್ನೂ ಭಾಷಣಕಲೆಯ ಕೈಪಿಡಿಗಳನ್ನೂ ನೋಡಿ ಹಸ್ತಾಭಿನಯವನ್ನು ಮರುಕಟ್ಟುವವರದು. ಬಲಗೈ ಮುಖ್ಯ, ಎಡಗೈ ತಾನಾಗಿ ಮುಂದಾಗಬಾರದು, ಪದ ಬಾಯಿಂದ ಹೊರಡುವ ಗಳಿಗೆಗೆ ಸರಿಯಾಗಿ ಕೈ ತನ್ನ ಜಾಗ ಮುಟ್ಟಿರಬೇಕು, ಹೀಗೆಲ್ಲ ಕಟ್ಟಳೆಗಳಿವೆ. ಬಾಸ್ಟನ್ನಿನ ಪ್ರಾಚೀನ ಸಂಗೀತ ಉತ್ಸವ ಈ ದಾರಿಗೆ ಹೆಸರುವಾಸಿ. ಇನ್ನೊಂದು ಪಂಥಕ್ಕೆ ಇಂದಿನ ಮೈ, ಇಂದಿನ ಬಟ್ಟೆ ಸಾಕು. ವಿಲಿಯಂ ಕ್ರಿಸ್ಟಿಯವರ ಲೆಜಾರ್ ಫ್ಲೋರಿಸಾಂ ತಂಡ 2002ರಲ್ಲಿ ಯುವ ಗಾಯಕರಿಗಾಗಿ ‘ಕಂಠಗಳ ತೋಟ’ ಎಂಬ ಅಕಾಡೆಮಿ ಶುರುಮಾಡಿತು. 2023ರ ಆಗಸ್ಟಿನಲ್ಲಿ ಪಶ್ಚಿಮ ಫ್ರಾನ್ಸಿನ ತಿರೆ ಹಳ್ಳಿಯಲ್ಲಿ, ಕ್ರಿಸ್ಟಿಯವರದೇ ತೋಟದಲ್ಲಿ, ಅವರು ಪರ್ಸೆಲ್‌ನ ‘ಫೇರಿ ಕ್ವೀನ್’ ಆಡಿಸಿದಾಗ ಹಿಪ್‌ಹಾಪ್ ಹಿನ್ನೆಲೆಯ ನೃತ್ಯಸಂಯೋಜಕ ಮುರಾದ್ ಮೆರ್ಝೂಕಿ ಗಾಯಕರನ್ನೂ ನರ್ತಕರನ್ನೂ ಬೆರೆಸಿ ಕುಣಿಸಿದರು. ನನಗೆ ಎರಡನೆಯ ದಾರಿಯೇ ಕಲಿಯುವವರಿಗೆ ಹೆಚ್ಚು ಉಪಯೋಗಿ ಎನಿಸುತ್ತದೆ. ನಾಳೆ ಅವರಿಗೆ ಕೆಲಸ ಸಿಗುವುದು ಹೆಚ್ಚಾಗಿ ಇಂಥ ರಂಗದಲ್ಲೇ. ಆದರೆ ಕೈಗೆ ಒಮ್ಮೆ ಕಟ್ಟಳೆ ಕಲಿಸಿದವರು ಆಮೇಲೆ ಸುಮ್ಮನೆ ನಿಲ್ಲುವುದನ್ನೂ ಚೆನ್ನಾಗಿ ಕಲಿತಿರುತ್ತಾರೆ ಎಂಬುದನ್ನು ಅಲ್ಲಗಳೆಯಲಾಗದು.

ನಮ್ಮ ದೇಶ ಈ ಲೋಕಕ್ಕೆ ದೂರದ ಕನಸಿನಂತೆ ಆಗಾಗ ಬಂದುಹೋಗಿದೆ. ಅಲೆಕ್ಸಾಂಡರ್ ಮತ್ತು ಪುರು ರಾಜನ, ಅಂದರೆ ಪೋರಸ್‌ನ, ಕಥೆಯನ್ನು ಇಟಲಿಯ ಕವಿ ಮೆಟಾಸ್ಟಾಸಿಯೊ ನಾಟಕವಾಗಿ ಬರೆದ; 1730ರಲ್ಲಿ ಲಿಯೊನಾರ್ದೊ ವಿಂಚಿ (ಚಿತ್ರಕಾರ ದ ವಿಂಚಿ ಅಲ್ಲ, ಸಂಗೀತಗಾರ), 1731ರಲ್ಲಿ ಹ್ಯಾಂಡೆಲ್, ಆಮೇಲೆ ಇನ್ನೂ ಹತ್ತಾರು ಮಂದಿ ಅದಕ್ಕೆ ಸಂಗೀತ ಕೊಟ್ಟರು. ವಿಂಚಿಯ ಆವೃತ್ತಿ 2022ರಲ್ಲಿ ಜರ್ಮನಿಯ ಬೈರಾಯ್ಟ್ ಬರೋಕ್ ಉತ್ಸವದಲ್ಲಿ ಬಾಲಿವುಡ್ ಕುಣಿತದೊಂದಿಗೆ ರಂಗವೇರಿತು.

ತಂತಿ, ತಾಪ, ದುಡ್ಡು

ಬೇಸಿಗೆಯ ಉತ್ಸವಕ್ಕೆ ಬೇಸಿಗೆಯೇ ಶತ್ರು. ಕರುಳಿನ ತಂತಿ ಸೆಕೆಗೂ ತೇವಕ್ಕೂ ತಕ್ಷಣ ಜಗ್ಗುತ್ತದೆ. ಥಿಯೋರ್ಬೊಗೆ ಹದಿನಾಲ್ಕರಷ್ಟು ತಂತಿ. ಅದನ್ನು ನುಡಿಸುವವರ ಅರ್ಧ ಆಯುಷ್ಯ ಶ್ರುತಿ ಮಾಡುವುದರಲ್ಲೇ ಕಳೆಯುತ್ತದೆ ಎಂಬುದು ಹಳೆಯ ಚಟಾಕಿ. ವಿರಾಮದಲ್ಲಿ ಪ್ರೇಕ್ಷಕರು ಹೊರಗೆ ಹೋದಾಗ ಹಾರ್ಪ್ಸಿಕಾರ್ಡ್ ಶ್ರುತಿಗಾರ ಒಳಗೆ ಬರುತ್ತಾನೆ. ಆಧಾರ ಶ್ರುತಿಯೂ ಬೇರೆ. ಇಂದಿನ ಪಿಯಾನೊದಲ್ಲಿ ಎ ಸ್ವರ ಸೆಕೆಂಡಿಗೆ 440 ಕಂಪನ, ಬರೋಕ್ ತಂಡಗಳು ಸಾಮಾನ್ಯವಾಗಿ 415ಕ್ಕೆ ಇಳಿಸುತ್ತವೆ, ಫ್ರೆಂಚ್ ಕೃತಿಗಳಿಗೆ 392ಕ್ಕೂ. ಪಿಯಾನೊ ಜೊತೆ ಪಾತ್ರ ಕಲಿತು ಬಂದವರಿಗೆ ಎಲ್ಲ ಸ್ವರವೂ ಅರ್ಧ ಮೆಟ್ಟಿಲು ಕೆಳಗೆ ಸಿಕ್ಕು ಗಂಟಲು ಗೊಂದಲಕ್ಕೆ ಬೀಳುತ್ತದೆ.

ದುಡ್ಡಿನ ಮಾತು ಅಷ್ಟು ಸುಂದರವಲ್ಲ. ಕೆಲವು ಯೋಜನೆಗಳು ಗಾಯಕರಿಗೆ ಖರ್ಚು, ಭತ್ಯೆ ಕೊಟ್ಟು ಕಲಿಸುತ್ತವೆ. ಸಾನ್ ಫ್ರಾನ್ಸಿಸ್ಕೊದ ಮೆರೋಲಾ ಯೋಜನೆಯಲ್ಲಿ ಆಯ್ಕೆಯಾದವರು ಶುಲ್ಕ ಕಟ್ಟಬೇಕಿಲ್ಲ. ಇನ್ನೊಂದು ತುದಿಯಲ್ಲಿ ಗಾಯಕರೇ ಸಾವಿರಾರು ಡಾಲರ್ ಶುಲ್ಕ ಕೊಟ್ಟು ಪಾತ್ರ ಪಡೆಯುವ ಶಿಬಿರಗಳು ಹುಟ್ಟಿಕೊಂಡಿವೆ. ಅಲ್ಲಿ ಬರೋಕ್ ಒಪೆರಾ ಆರಿಸುವ ಕಾರಣ ಕಲೆಯಲ್ಲ, ಗಣಿತ: ಪಾತ್ರ ಹೆಚ್ಚಿದಷ್ಟು ಶುಲ್ಕ ಕಟ್ಟುವವರು ಹೆಚ್ಚು, ವಾದ್ಯಮೇಳ ಚಿಕ್ಕದಾದಷ್ಟು ಸಂಬಳ ಕಡಿಮೆ. ಕಂಟಿನ್ಯೂವೊ ತಂಡದ ಬದಲು ಒಂದು ವಿದ್ಯುತ್ ಕೀಬೋರ್ಡ್ ಇಟ್ಟು ಮುಗಿಸಿದ ಕಡೆ ಈ ಲೇಖನದಲ್ಲಿ ಹೇಳಿದ ಕಲಿಕೆ ಯಾವುದೂ ನಡೆಯುವುದಿಲ್ಲ. ಶಿಬಿರ ಆರಿಸುವವರು ಮೊದಲು ಕೇಳಬೇಕಾದ್ದು ನಿರ್ದೇಶಕರ ಹೆಸರನ್ನಲ್ಲ, ಬಾಸ್ ಸಾಲನ್ನು ಯಾರು ನುಡಿಸುತ್ತಾರೆ ಎಂಬುದನ್ನು.

ಎಕ್ಸ್ ಉತ್ಸವ 2017ರ ಜುಲೈನಲ್ಲಿ ಅದೇ ರಂಗಮಂದಿರದಲ್ಲಿ, ಅದೇ ಗಾರ್ಸಿಯಾ ಅಲಾರ್ಕೊನ್ ನೇತೃತ್ವದಲ್ಲಿ, ಕವಾಲ್ಲಿಯ ಇನ್ನೊಂದು ಮರೆತ ಕೃತಿ ‘ಎರಿಸ್ಮೇನಾ’ ಆಡಿಸಿತು. 1655ರದು, ಈ ಬಾರಿ ಗಂಡುವೇಷದ ಹೆಣ್ಣಿನ ಕಥೆ. ಶೀರ್ಷಿಕೆ ಪಾತ್ರದಲ್ಲಿ ಫ್ರಾನ್ಚೆಸ್ಕಾ ಆಸ್ಪ್ರೊಮೊಂತೆ, ಜೊತೆಗೆ ಲೆಯಾ ದೆಸಾಂದ್ರ್, ಕಾರ್ಲೊ ವಿಸ್ತೋಲಿ, ಯಾಕುಬ್ ಯೋಜೆಫ್ ಒರ್ಲಿನ್‌ಸ್ಕಿ. ಇವರೆಲ್ಲ ಇಂದು ದೊಡ್ಡ ರಂಗಮಂದಿರಗಳ ಹೆಸರುಗಳು. ಆ ದಿನಗಳಲ್ಲೇ ಫ್ರಾನ್ಸಿನ ಸಂಗೀತ ರೇಡಿಯೊ ಎಕ್ಸ್‌ನಿಂದ ನೇರಪ್ರಸಾರ ನಡೆಸುತ್ತಿತ್ತು. ರೇಡಿಯೊ ತಾನೆ ಎಂದು ಪೋಲೆಂಡಿನ ಒರ್ಲಿನ್‌ಸ್ಕಿ ಚಡ್ಡಿ, ತೋಳು ಮಡಚಿದ ಅಂಗಿಯಲ್ಲೇ ಬಂದಿದ್ದರು. ಕ್ಯಾಮೆರಾ ಇತ್ತು. ಅಂದು ಪಿಯಾನೊ ಜೊತೆ ಅವರು ಹಾಡಿದ, ಹ್ಯಾಂಡೆಲ್ ಕಾಲದ ವೆನಿಸ್ ಸಂಗೀತಗಾರ ವಿವಾಲ್ಡಿಯ ಆರಿಯಾವನ್ನು ಆಮೇಲೆ ಅಂತರ್ಜಾಲದಲ್ಲಿ ದಶಲಕ್ಷಗಟ್ಟಲೆ ಜನ ನೋಡಿದರು. ಸಿಕ್ಕರೆ ಕೇಳಿ, ಆದರೆ ಮೊದಲ ಭಾಗ ಮರಳಿ ಬರುವವರೆಗೆ ಕಾಯಿರಿ: ಅಲ್ಲಿಂದ ಮುಂದೆ ಅವರು ಹಾಡಿದ ಹಲವು ಸ್ವರಗಳು ವಿವಾಲ್ಡಿಯ ಕಾಗದದಲ್ಲಿಲ್ಲ.